ಹತ್ತು ವರ್ಷದ ಅಪರಾಧಿ

ಆಸ್ಟ್ರೇಲಿಯದ ಉತ್ತರ ಪ್ರಾಂತ್ಯವು, ಹನ್ನೆರಡು ವರ್ಷ ತುಂಬದ ಮಗುವನ್ನು ಅಪರಾಧಿಯೆಂದು ಕಟಕಟೆಗೆ ತರಲಾಗದೆಂಬ ವಿಧಿಯನ್ನು 2023ರ ಆಗಸ್ಟಿನಿಂದ ಜಾರಿಗೆ ತಂದು, ಆ ದೇಶದಲ್ಲಿ ಮೊದಲನೆಯದೆಂಬ ಕೀರ್ತಿಗೆ ಪಾತ್ರವಾಗಿದ್ದಿತು. ವರ್ಷ ಕಳೆದು ಚುನಾವಣೆ ಮುಗಿದು ಸರಕಾರ ಬದಲಾದೊಡನೆ, 2024ರ ಅಕ್ಟೋಬರಿನಲ್ಲಿ, ಅಲ್ಲಿನ ಶಾಸನಸಭೆ ಆ ವಯಸ್ಸನ್ನು ಮರಳಿ ಹತ್ತಕ್ಕೆ ಇಳಿಸಿತು. ನೆರೆಯ ಕ್ವೀನ್ಸ್‌ಲ್ಯಾಂಡ್ ಅದೇ ಡಿಸೆಂಬರಿನಲ್ಲಿ ‘ವಯಸ್ಕರ ಅಪರಾಧಕ್ಕೆ ವಯಸ್ಕರ ಶಿಕ್ಷೆ’ ಎಂಬ ಚುನಾವಣೆಯ ಕೂಗನ್ನೇ ಶಾಸನವಾಗಿಸಿ, ಮಕ್ಕಳ ವಿಷಯದಲ್ಲಿ ಬಂಧನವು ಕಟ್ಟಕಡೆಯ ಉಪಾಯವಾಗಿರತಕ್ಕದ್ದೆಂಬ ತತ್ತ್ವವನ್ನು ಕಿತ್ತುಹಾಕಿತು. ಹತ್ತು ವರ್ಷವೆಂದರೆ ನಮ್ಮಲ್ಲಿ ಐದನೆಯ ತರಗತಿ. ಈ ಎರಡು ಶಾಸನಗಳೂ ಅವಿವೇಕದವೆಂದೂ, ಇವುಗಳಿಂದ ಎಲ್ಲಕ್ಕಿಂತ ಮೊದಲು ಕೆಡುವುದು ಸಣ್ಣ ಊರಿನ ಪೋಲೀಸರ ಕೆಲಸವೇ ಎಂದೂ ನನ್ನ ವಾದ.

ಊರವರ ಭಯ ಸುಳ್ಳೆಂದು ನಾನು ಹೇಳುತ್ತಿಲ್ಲ. 2024ರ ಮಾರ್ಚಿನಲ್ಲಿ ಉತ್ತರ ಪ್ರಾಂತ್ಯದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದ ನಡುಭಾಗಕ್ಕೆ ರಾತ್ರಿಯ ಹೊತ್ತು ಹದಿನೆಂಟರೊಳಗಿನವರು ಕಾಲಿಡದಂತೆ ನಿಷೇಧಾಜ್ಞೆ ಹೊರಡಿಸಬೇಕಾಯಿತು. ಪದೇ ಪದೇ ಅಂಗಡಿಯ ಗಾಜು ಒಡೆಸಿಕೊಂಡವನ ಕ್ರೋಧವನ್ನು ದೂರದಲ್ಲಿ ಕುಳಿತು ಹಳಿಯುವುದು ಸುಲಭ. ಆದರೆ ಅದೇ ಪ್ರಾಂತ್ಯದ ಬಾಲಬಂಧನಗೃಹದಲ್ಲಿ ಹುಡುಗನೊಬ್ಬನಿಗೆ ಮುಸುಕು ಹಾಕಿ ಕುರ್ಚಿಗೆ ಬಿಗಿದ ದೃಶ್ಯವನ್ನು 2016ರಲ್ಲಿ ದೂರದರ್ಶನದಲ್ಲಿ ಕಂಡು ದೇಶವೇ ನಾಚಿದ್ದಿತು. ಆ ಬಳಿಕ ನೇಮಕವಾದ ರಾಯಲ್ ಆಯೋಗವು 2017ರಲ್ಲಿ, ವಯಸ್ಸನ್ನು ಹನ್ನೆರಡಕ್ಕೆ ಏರಿಸಿರೆಂದು ಸ್ಪಷ್ಟವಾಗಿ ಹೇಳಿದ್ದಿತು. ಅಲ್ಲಿ ಸೆರೆಯಾಗುವ ಮಕ್ಕಳು ಬಹುತೇಕ ಎಲ್ಲರೂ ಮೂಲನಿವಾಸಿಗಳು. ಇಷ್ಟನ್ನು ಬಲ್ಲ ಶಾಸಕರು ಮಾಡಿದ ತಿದ್ದುಪಡಿಯಾದುದರಿಂದ ಇದನ್ನು ಅಜ್ಞಾನವೆಂದು ಮನ್ನಿಸುವಂತಿಲ್ಲ.

ಸಣ್ಣ ಊರಿನ ಪೋಲೀಸನಿಗೆ ಮಹಾನಗರದವನಿಗಿಲ್ಲದ ಒಂದು ಬಲವುಂಟು. ಕದ್ದ ಹುಡುಗ ಯಾರ ಮೊಮ್ಮಗ, ಶಾಲೆ ಬಿಟ್ಟದ್ದು ಎಂದು, ಮನೆಯಲ್ಲಿ ರಾತ್ರಿ ಒಲೆ ಹೊತ್ತುವುದೊ ಇಲ್ಲವೊ ಎಂಬುದೆಲ್ಲ ಅವನಿಗೆ ಗೊತ್ತು. ಈ ಬಲವನ್ನು ವ್ಯವಸ್ಥಿತವಾಗಿ ಬಳಸಲು ಹೊರಟವರಲ್ಲಿ ಒಬ್ಬ, ನ್ಯೂ ಸೌತ್ ವೇಲ್ಸಿನ ವಾಗಾ ವಾಗಾ ಪಟ್ಟಣದ ಸಾರ್ಜೆಂಟ್ ಟೆರಿ ಒಕಾನೆಲ್. ನ್ಯೂಜಿಲೆಂಡಿನ 1989ರ ಶಾಸನದಿಂದ ಪ್ರೇರಣೆ ಪಡೆದು, 1991ರಲ್ಲಿ, ತಪ್ಪು ಮಾಡಿದ ಹುಡುಗನನ್ನೂ ಅವನ ಮನೆಯವರನ್ನೂ ನಷ್ಟಕ್ಕೊಳಗಾದವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಆದುದೇನು, ಅದರಿಂದ ನೊಂದವರಾರು, ಸರಿಪಡಿಸುವುದೆಂತು ಎಂದು ಎಲ್ಲರಿಂದಲೂ ಮಾತಾಡಿಸುವ ಪದ್ಧತಿಯನ್ನು ಅಲ್ಲಿ ಪ್ರಾರಂಭಿಸಲಾಯಿತು. ಹಿಡಿದವನೇ ಪಂಚಾಯಿತಿ ನಡೆಸಬಹುದೆ ಎಂಬ ಆಕ್ಷೇಪ ಬಲವಾಗಿ ಎದ್ದಿತು. ನ್ಯೂ ಸೌತ್ ವೇಲ್ಸಿನ 1997ರ ಶಾಸನವು ಅಂಥ ಸಭೆಗಳನ್ನು ಪೋಲೀಸರ ಕೈಯಿಂದ ಬಿಡಿಸಿತು. ಆಕ್ಷೇಪ ನ್ಯಾಯವಾದದ್ದೇ. ಆದರೂ ಎಚ್ಚರಿಕೆ ಕೊಟ್ಟು ಬಿಡುವುದೊ, ಸಭೆಗೆ ಕಳುಹಿಸುವುದೊ, ನ್ಯಾಯಾಲಯಕ್ಕೆ ಒಯ್ಯುವುದೊ ಎಂಬ ಮೊದಲ ನಿರ್ಧಾರ ಇಂದಿಗೂ ಬಹುಮಟ್ಟಿಗೆ ಬೀದಿಯಲ್ಲಿ ನಿಂತ ಪೋಲೀಸನದೇ ಆಗಿದೆ.

ಅದೇ ರಾಜ್ಯದಲ್ಲಿ, ಡಾರ್ಲಿಂಗ್ ನದಿಯ ದಂಡೆಯ ಬರ್ಕ್ ಎಂಬ ಒಣನಾಡಿನ ಊರು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಮಕ್ಕಳು ಪೋಲೀಸರ ಕೈಗೆ ಸಿಕ್ಕುತ್ತಿದ್ದ ಕಾರಣಗಳಲ್ಲಿ ಒಂದು, ಪರವಾನಗಿಯಿಲ್ಲದೆ ವಾಹನ ನಡೆಸಿದ್ದು. ಪರವಾನಗಿ ಬೇಕೆಂದರೆ, ಇಪ್ಪತ್ತೈದರೊಳಗಿನವನು ಪರವಾನಗಿಯುಳ್ಳ ಹಿರಿಯನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು 120 ಗಂಟೆ ವಾಹನ ನಡೆಸಿ ದಾಖಲೆ ತೋರಿಸಬೇಕು. ಮನೆಯಲ್ಲಿ ಕಾರೂ ಇಲ್ಲದೆ, ಪರವಾನಗಿಯುಳ್ಳ ಹಿರಿಯನೂ ಇಲ್ಲದೆ, ಕೆಲವರಿಗೆ ಜನನಪತ್ರವೂ ಇಲ್ಲದಿರುವಾಗ, ಬಸ್ಸು ಅಪರೂಪವಾದ ಆ ಸೀಮೆಯಲ್ಲಿ ಹುಡುಗ ಏನು ಮಾಡುವನು? ಮೂಲನಿವಾಸಿಗಳೇ ಮುಂದಾಳಾಗಿ ಕಟ್ಟಿದ ‘ಮರಂಗೂಕ’ ಎಂಬ ಸಂಸ್ಥೆ ಅವರಿಗೆ ವಾಹನ ನಡೆಸಲು ಕಲಿಸಿತು. ಪೋಲೀಸರೂ ಊರ ಹಿರಿಯರೂ ಬೆಳಗ್ಗೆ ಸೇರಿ, ಹಿಂದಿನ ರಾತ್ರಿ ನಡೆದುದನ್ನು ಮುಂದಿಟ್ಟುಕೊಂಡು, ಯಾವ ಮನೆಗೆ ಯಾರು ಹೋಗಬೇಕೆಂದು ಗೊತ್ತುಮಾಡಿದರು. 2016ರೊಡನೆ ಹೋಲಿಸಿದರೆ 2017ರಲ್ಲಿ, ಬಾಲಾಪರಾಧದ ಐದು ಮುಖ್ಯ ವರ್ಗಗಳಲ್ಲಿ ದಾಖಲಾದ ಆರೋಪಗಳು ಶೇಕಡ 38ರಷ್ಟು ಇಳಿದುವೆಂದು ಕೆಪಿಎಂಜಿ ಸಂಸ್ಥೆಯ ವರದಿ ಹೇಳಿತು. ಒಂದು ವರ್ಷದ ಅಂಕಿಯಿಂದ ಶಾಶ್ವತ ಸಿದ್ಧಾಂತ ಕಟ್ಟುವವನು ನಾನಲ್ಲ. ಆದರೆ ಅದಕ್ಕೆ ಪ್ರತಿಯಾಗಿ ಹೊಸ ಶಾಸನಗಳ ಪಕ್ಷದವರು ತೋರಿಸುವುದಾದರೂ ಏನನ್ನು?

ಪೋಲೀಸರನ್ನು ಹೊಗಳುವುದಕ್ಕಾಗಿ ನಾನಿದನ್ನು ಬರೆಯುತ್ತಿಲ್ಲ. ಮುಂದೆ ತಪ್ಪು ಮಾಡಬಹುದೆಂಬ ಊಹೆಯ ಮೇಲೆ ಮಕ್ಕಳ ಪಟ್ಟಿ ಮಾಡಿಕೊಂಡು, ಕಂಡಲ್ಲಿ ತಡೆದು ಶೋಧಿಸಿ, ಅಪರಾತ್ರಿಯಲ್ಲಿ ಬಾಗಿಲು ತಟ್ಟಿದವರೂ ಅದೇ ರಾಜ್ಯದ ಪೋಲೀಸರೇ. ಮೇಲ್ವಿಚಾರಣಾ ಆಯೋಗದ ವಿಚಾರಣೆ ನಡೆದು, 2023ರಲ್ಲಿ ಆ ಯೋಜನೆಯನ್ನು ಮಕ್ಕಳ ಮಟ್ಟಿಗೆ ಕೈಬಿಡಬೇಕಾಯಿತು. ಊರಿನ ಹಿರಿಯರಿಗೆ ಉತ್ತರ ಹೇಳಬೇಕಾದ ಪೋಲೀಸನ ಪರಿಚಯ ಮಗುವಿಗೆ ರಕ್ಷೆ. ಯಾರಿಗೂ ಉತ್ತರ ಹೇಳಬೇಕಿಲ್ಲದವನ ಪರಿಚಯ ಬರಿಯ ಕಾವಲು. ವಯಸ್ಸನ್ನು ಇಳಿಸಿ ಶಿಕ್ಷೆಯನ್ನು ಏರಿಸುವ ಶಾಸನವು ಈ ಎರಡನೆಯವನನ್ನೇ ಪ್ರೋತ್ಸಾಹಿಸುತ್ತದೆ.

ನಮಗೇಕೆ ಇದರ ಗೊಡವೆ ಎನ್ನುವವರಿಗೆ ಒಂದು ಮಾತು. 2012ರ ದೆಹಲಿಯ ಘೋರಕೃತ್ಯದ ನಂತರ ಎದ್ದ ಆಕ್ರೋಶದಲ್ಲಿಯೇ ನಮ್ಮ 2015ರ ಬಾಲನ್ಯಾಯ ಕಾಯಿದೆಯೂ, ಘೋರಾಪರಾಧವಾದರೆ ಹದಿನಾರು ತುಂಬಿದವರನ್ನು ವಯಸ್ಕರಂತೆ ವಿಚಾರಿಸಬಹುದೆಂಬ ದಾರಿ ತೆರೆಯಿತು. ಅದೇ ಕಾಯಿದೆ ಮಗುವನ್ನು ಯಾವ ಕಾರಣಕ್ಕೂ ಲಾಕಪ್ಪಿಗೆ ಹಾಕಕೂಡದೆಂದೂ, ಪ್ರತಿಯೊಂದು ಠಾಣೆಯಲ್ಲಿಯೂ ಮಕ್ಕಳ ಕಲ್ಯಾಣ ಪೋಲೀಸ್ ಅಧಿಕಾರಿಯೊಬ್ಬನಿರತಕ್ಕದ್ದೆಂದೂ ವಿಧಿಸಿದೆ. ಈ ಭಾಗದ ನೆನಪು ಮಾತ್ರ ಸಭೆಗಳಲ್ಲಿ ಯಾರಿಗೂ ಬರುವುದಿಲ್ಲ. ಹದಿನಾರನ್ನು ಇನ್ನೂ ಇಳಿಸಿರೆಂದು ಕೂಗುವ ಮಹನೀಯರು, ಕೂಗುವುದಕ್ಕೆ ಮೊದಲು ತಮ್ಮ ತಾಲ್ಲೂಕಿನ ಠಾಣೆಗೊಮ್ಮೆ ಹೋಗಿ, ಆ ಅಧಿಕಾರಿ ಯಾರು, ಮಕ್ಕಳೊಡನೆ ವರ್ತಿಸುವ ತರಬೇತಿ ಆತನಿಗೆ ದೊರೆತಿದೆಯೆ ಎಂದು ವಿಚಾರಿಸಿ ಬರಲಿ.