ಲಾರಿಯ ಹಿಂದಿನ ಅಚ್ಚಿಗೆ ಎಂಥ ಎಣ್ಣೆ ಯೋಗ್ಯವು?

ಕೃಷ್ಣೆ-ಘಟಪ್ರಭೆಗಳ ನೀರು ಹೊಲಗಳಿಗೆ ಏರಿದಂದಿನಿಂದ ಜಮಖಂಡಿ, ಮುಧೋಳ ಸೀಮೆಗಳಲ್ಲಿ ಕಬ್ಬು ಎಷ್ಟು ಹಬ್ಬಿರುವದೆಂಬದು ಗ್ರಾಮದ ಗೌಡರಿಗೂ ಜಮೀನುದಾರರಿಗೂ ವಿದಿತವೇ ಇದೆ. 1989ರಲ್ಲಿ ಒಕ್ಕಲಿಗರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದ ಬಳಿಕ ನದೀತೀರದ ಊರುಗಳ ಸ್ವರೂಪವೇ ಬದಲಾಯಿತು. ಕಬ್ಬಿನ ಬೆನ್ನಿಗೆ ಲಾರಿಗಳೂ ಟ್ರ್ಯಾಕ್ಟರುಗಳೂ ಬಂದವು. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಸವರಿ ಹೊರಡುತ್ತಿದ್ದ ಮನೆತನಗಳು ಈಗ ಲಾರಿಯ ಡಿಫರೆನ್ಷಿಯಲ್ಲಿಗೆ ಎಣ್ಣೆಯನ್ನು ಆರಿಸಬೇಕಾಗಿದೆ. ಇದು ಕ್ಷುಲ್ಲಕ ವಿಷಯವಲ್ಲ. ಹಂಗಾಮಿನ ನಡುವೆ ಕ್ರೌನ್-ಪಿನಿಯನ್ ಮುರಿದರೆ ಕಡಿದ ಕಬ್ಬು ದಾರಿಯಲ್ಲಿಯೇ ಒಣಗಿ ತೂಕ ಕಳೆದುಕೊಳ್ಳುವದು. ರಿಪೇರಿಯ ಖರ್ಚು ಬೇರೆ.

ಈಚೆಗೆ ಅಂಗಡಿಕಾರರು ಸಿಂಥೆಟಿಕ್ ಗೇರ್ ಆಯಿಲನ್ನು ಎಲ್ಲ ವಾಹನಗಳಿಗೂ ಸರ್ವೋತ್ತಮವೆಂದು ಹೇಳಿ ಮಾರುವರು. ಈ ಮಾತು ಅರ್ಧ ಮಾತ್ರ ನಿಜವು. ಸಿಂಥೆಟಿಕ್ ಎಂಬ ಹೆಸರು ಮೂಲ ಎಣ್ಣೆಯನ್ನಷ್ಟೇ ಕುರಿತದ್ದು. ಕಚ್ಚಾ ಎಣ್ಣೆಯನ್ನು ಶುದ್ಧಗೊಳಿಸಿ ತೆಗೆದದ್ದು ಖನಿಜ ಎಣ್ಣೆ. ರಸಾಯನ ಕ್ರಿಯೆಯಿಂದ ರಚಿಸಿದ್ದು ಸಿಂಥೆಟಿಕ್. ಆದರೆ ಹಿಂದಿನ ಅಚ್ಚಿನಲ್ಲಿ ಹಲ್ಲುಗಳನ್ನು ಕಾಯುವ ಮುಖ್ಯ ಕೆಲಸವು ಎಣ್ಣೆಯಲ್ಲಿ ಬೆರೆಸಿದ ಗಂಧಕ-ರಂಜಕಗಳ ಸಂಯುಕ್ತಗಳದು. ಅಮೇರಿಕದ ಪ್ಯಾಕಾರ್ಡ್ ಕಂಪನಿಯು 1926ರಲ್ಲಿ ತನ್ನ ಮೋಟಾರುಗಳಲ್ಲಿ ತಂದ ಹೈಪಾಯ್ಡ್ ಗೇರುಗಳೇ ಇಂದಿನ ಅನೇಕ ಲಾರಿಗಳಲ್ಲಿಯೂ ಇವೆ. ಇವುಗಳಲ್ಲಿ ಪಿನಿಯನ್ನು ಕ್ರೌನಿನ ಮಧ್ಯರೇಖೆಗೆ ಸರಿಯಾಗಿರದೆ ಪಕ್ಕಕ್ಕೆ ಸರಿದಿರುವದರಿಂದ ಹಲ್ಲುಗಳು ಉರುಳುವದಲ್ಲದೆ ಒಂದರ ಮೇಲೊಂದು ಉಜ್ಜಿ ಜಾರುವವು. ಆ ಒತ್ತಡಕ್ಕೆ ಬರಿಯ ಎಣ್ಣೆಯ ಪದರವು ಹರಿದುಹೋಗುವದು. ಆಗ ಗಂಧಕ-ರಂಜಕಗಳು ಉಕ್ಕಿನೊಡನೆ ಕೂಡಿ ತೆಳುವಾದ ಪೊರೆಯೊಂದನ್ನು ಕಟ್ಟಿ ಹಲ್ಲುಗಳನ್ನು ರಕ್ಷಿಸುವವು. ಈ ಗುಣವನ್ನು ಸೂಚಿಸುವ ಗುರುತು ಡಬ್ಬಿಯ ಮೇಲಿನ ಜಿಎಲ್-5 ಎಂಬದು. ಹೈಪಾಯ್ಡ್ ಅಚ್ಚಿಗೆ ಜಿಎಲ್-4ರ ಸಿಂಥೆಟಿಕ್ ಹಾಕುವದಕ್ಕಿಂತ ಜಿಎಲ್-5ರ ಸಾದಾ ಖನಿಜ ಎಣ್ಣೆಯೇ ಲೇಸು. ಅದೇ ಜಿಎಲ್-5ನ್ನು ಗೇರ್‌ಬಾಕ್ಸಿಗೂ ಸುರಿಯುವ ರೂಢಿಯು ಮಾತ್ರ ಒಳ್ಳೆಯದಲ್ಲ. ಅಲ್ಲಿಯ ಹಿತ್ತಾಳೆಯ ಬಳೆಗಳಿಗೆ ಗಂಧಕವು ಹಾನಿ ಮಾಡಬಹುದು. ಕಂಪನಿಯ ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಎಣ್ಣೆ ಹೇಳಿದ್ದರೆ ಹಾಗೆಯೇ ನಡೆಯತಕ್ಕದ್ದು.

ಇನ್ನು ಅಂಕೆಗಳ ಮಾತು. 75ಡಬ್ಲ್ಯು-90 ಎಂಬ ಸಿಂಥೆಟಿಕ್ಕಿನ ಮೊದಲನೆಯ ಅಂಕೆಯು ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಎಣ್ಣೆಯು ಹರಿಯಬಲ್ಲದೆಂಬದರ ಗುರುತು. ಜಮಖಂಡಿಯ ಮಾಗಿಯಲ್ಲಿ ಈ ಗುಣಕ್ಕೆ ಏನು ಕೆಲಸ? ಇಲ್ಲಿಯ ವೈರಿಯು ಬಿಸಿಲು, ಭಾರ ಮತ್ತು ಧೂಳು. ಪುಸ್ತಕದಲ್ಲಿ 85ಡಬ್ಲ್ಯು-140 ಹೇಳಿದ್ದರೆ ಅದನ್ನೂ 80ಡಬ್ಲ್ಯು-90 ಹೇಳಿದ್ದರೆ ಅದನ್ನೂ ಹಾಕುವದು. ಎಣ್ಣೆಯು ದಪ್ಪವಾದಷ್ಟೂ ಒಳ್ಳೆಯದೆಂಬ ಮಿಸ್ತ್ರಿಗಳ ನಂಬಿಕೆಯು ತಪ್ಪು. ಅತಿ ದಪ್ಪ ಎಣ್ಣೆಯನ್ನು ಕಡೆಯುವದರಲ್ಲಿಯೇ ಡೀಸೆಲ್ಲು ವ್ಯರ್ಥವಾಗಿ ಅಚ್ಚು ಕಾಯುವದು.

ಹಾಗಾದರೆ ಸಿಂಥೆಟಿಕ್ಕಿನಿಂದ ಪ್ರಯೋಜನವೇ ಇಲ್ಲವೆಂದಲ್ಲ. ಅದು ಕಾವಿನಲ್ಲಿ ಬೇಗ ಕೆಡದು, ಬೇಗ ತೆಳುವಾಗದು. ಮಹಾಲಿಂಗಪುರದ ಬೆಲ್ಲವನ್ನೋ ರಬಕವಿ-ಬನಹಟ್ಟಿಯ ಸೀರೆಗಳನ್ನೋ ಹೇರಿಕೊಂಡು ಘಟ್ಟವಿಳಿದು ಮುಂಬಯಿಗೆ ವರ್ಷವಿಡೀ ಓಡುವ ಲಾರಿಗೆ ಅದು ತಕ್ಕದ್ದು. ಎಣ್ಣೆ ಬದಲಿಸುವ ಅವಧಿಯನ್ನು ಕಂಪನಿಯವರು ಹೆಚ್ಚಿಸಿ ಕೊಟ್ಟಿದ್ದರೆ ಹೆಚ್ಚಿನ ಬೆಲೆಯೂ ಮರಳಿ ಬಂದೀತು.

ಕಬ್ಬಿನ ಲಾರಿಯ ಸ್ಥಿತಿ ಬೇರೆ. ಅದು ಹಂಗಾಮಿನ ನಾಲ್ಕೈದು ತಿಂಗಳು ಹಸಿ ಹೊಲದಲ್ಲಿ, ಕಾಲುವೆಯ ದಂಡೆಯಲ್ಲಿ, ಹಳ್ಳದ ನೀರಿನಲ್ಲಿ ಓಡಾಡಿ, ಮಳೆಗಾಲವೆಲ್ಲ ಅಂಗಳದಲ್ಲಿ ನಿಲ್ಲುವದು. ಕಾದ ಅಚ್ಚು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿಯು ಕುಗ್ಗಿ, ಬ್ರೀದರಿನಿಂದಲೂ ಸವೆದ ಆಯಿಲ್ ಸೀಲಿನಿಂದಲೂ ನೀರನ್ನು ಒಳಗೆಳೆಯುವದು. ನೀರು ಬೆರೆತ ಮೇಲೆ ಸಿಂಥೆಟಿಕ್ಕೂ ಒಂದೇ, ಖನಿಜವೂ ಒಂದೇ. ಬೇರಿಂಗಿಗೆ ತುಕ್ಕು ತಪ್ಪದು. ಬೆಲೆಯುಳ್ಳ ಎಣ್ಣೆಯನ್ನು ಹಾಕಿದ ಧನಿಯು ಅದನ್ನು ಚೆಲ್ಲಲು ಮನಸ್ಸಾಗದೆ ಮೂರು ವರ್ಷ ಹಾಗೆಯೇ ಬಿಡುವನು. ಆದುದರಿಂದ ಇಂಥ ಲಾರಿಗೆ ಒಳ್ಳೆಯ ಕಂಪನಿಯ ಜಿಎಲ್-5 ಖನಿಜ ಎಣ್ಣೆಯನ್ನು ಹಾಕಿ, ಪುಸ್ತಕದ ಕಿಲೋಮೀಟರು ತುಂಬದಿದ್ದರೂ ಹಂಗಾಮು ಮುಗಿದೊಡನೆ ಬದಲಿಸುವದೇ ಲಾಭಕರವು. 2019ರ ಆಗಸ್ಟಿನ ಮಹಾಪೂರದಂತೆ ನೀರಿನಲ್ಲಿ ಮುಳುಗಿ ನಿಂತ ವಾಹನಕ್ಕೆ ಒಂದು ದಿನವೂ ತಡಮಾಡಬಾರದು. ಎಣ್ಣೆಯು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದೇ ತಿಳಿಯುವದು. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿದ ನುಣ್ಣನೆಯ ಬೂದು ಕೆಸರು ಚಿಂತೆಗೆ ಕಾರಣವಲ್ಲ. ಚೂರುಗಳು ಸಿಕ್ಕರೆ ಅಚ್ಚನ್ನು ಬಿಚ್ಚಿಸಿ ನೋಡತಕ್ಕದ್ದು.

ಟ್ರ್ಯಾಕ್ಟರುಳ್ಳವರಿಗೆ ಒಂದು ಎಚ್ಚರಿಕೆ. ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳುಳ್ಳ ಅನೇಕ ಟ್ರ್ಯಾಕ್ಟರುಗಳಲ್ಲಿ ಹಿಂದಿನ ಅಚ್ಚು, ಬ್ರೇಕು, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ ಇರುವದು. ಲಾರಿಗೆ ತಂದು ಉಳಿದ ಜಿಎಲ್-5ನ್ನು ಅದರಲ್ಲಿ ಸುರಿದರೆ ಬ್ರೇಕು ಸರಿಯಾಗಿ ಹಿಡಿಯದು. ಎರಡು ಟ್ರೇಲರು ಕಬ್ಬು ಹೇರಿ ಇಳಿಜಾರಿನಲ್ಲಿ ಬರುವಾಗ ಇದರ ಪರಿಣಾಮವೇನೆಂದು ಬರೆಯಬೇಕಾಗಿಲ್ಲ. ಅದಕ್ಕೆ ಕಂಪನಿಯವರು ಹೇಳಿದ ಟ್ರ್ಯಾಕ್ಟರ್ ಎಣ್ಣೆಯನ್ನೇ ಹಾಕುವದು.

ಯಾವ ಎಣ್ಣೆಯಾದರೂ ಅಳತೆ ಮುಖ್ಯವು. ಸಾಮಾನ್ಯವಾಗಿ ಲಾರಿಯನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಎಣ್ಣೆ ತುಂಬುವ ತೂತಿನ ಕೆಳ ಅಂಚಿಗೆ ಮುಟ್ಟುವಂತೆ ಎಣ್ಣೆ ಇರಬೇಕು. ಹೆಚ್ಚು ತುಂಬಿದರೆ ಸೀಲುಗಳನ್ನು ದಾಟಿ ಬ್ರೇಕ್ ಲೈನರುಗಳ ಮೇಲೆ ಇಳಿಯುವದು. ಈ ಕೆಲಸವನ್ನು ಕಾರಖಾನೆಗಳು ನುರಿಸಲಾರಂಭಿಸುವ ಮೊದಲೇ, ದಸರೆಯಲ್ಲಿ ಲಾರಿಗೆ ಪೂಜೆ ಮಾಡುವ ಹೊತ್ತಿಗೆ ಮಾಡಿಸಿಬಿಟ್ಟರೆ ಗ್ಯಾರೇಜಿನಲ್ಲಿ ಸರದಿ ಕಾಯುವ ಪ್ರಸಂಗ ಬಾರದು.