ಕೋಡ್ ಬಂತೆಂದು ಸೆನ್ಸರ್ ಬದಲಿಸಬೇಡಿ

ಕಾಯಿ ತುಂಬಿಸಿ ಕೊಲ್ಲೂರು ಘಾಟಿ ಹತ್ತುವಾಗ ನನ್ನ ಪೆಟ್ರೋಲ್ ಗಾಡಿ ಎಳೀಲೇ ಇಲ್ಲ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು, ಪಿ0325 ಅಂತ ಬಂತು. ನಾಕ್ ಸೆನ್ಸರ್ ಹೋಗಿದೆ ಅಂದರು, ಹೊಸತು ಹಾಕಿದರು, ದುಡ್ಡು ತಗೊಂಡರು. ಮೂರೇ ದಿನ, ಲೈಟ್ ಮತ್ತೆ ಬಂತು!

ಮಾರಾಯ್ರೆ, ಆ ಕೋಡ್ ಹೇಳೋದು ಸೆನ್ಸರಿನ ಸರ್ಕ್ಯೂಟ್ ಸರಿ ಇಲ್ಲ ಅಂತ. ಸರ್ಕ್ಯೂಟ್ ಅಂದರೆ ವಯರು, ಕನೆಕ್ಟರ್ ಎಲ್ಲ ಸೇರಿ. ಈ ಸೆನ್ಸರ್ ಎಂಜಿನ್ ಬ್ಲಾಕಿಗೆ ಕಿವಿ ಕೊಟ್ಟು ಕೂತಿರ್ತದೆ. ಒಳಗೆ ಬಡಿತ ಕೇಳಿದರೆ ಇಸಿಯು ಕಿಡಿಯನ್ನು ಸ್ವಲ್ಪ ತಡ ಮಾಡ್ತದೆ. ಕಿವಿಯೇ ಕೇಳದಿದ್ದರೆ ಹೆದರಿ ಯಾವಾಗಲೂ ತಡವಾಗಿಯೇ ಇಡ್ತದೆ, ಅದಕ್ಕೇ ಏರಿನಲ್ಲಿ ಎಳೆತ ಇಲ್ಲ.

ಉಪ್ಪುಂದದ ಕಡಲ ಗಾಳಿಗೆ ಕನೆಕ್ಟರಿನ ಪಿನ್ ಹಸಿರು ಹಿಡಿಯಲು ಎಷ್ಟು ದಿನ ಬೇಕು? ನಾನೇ ಬಿಚ್ಚಿ ನೋಡಿದೆ, ಅದೇ ಆಗಿತ್ತು. (ತೋಟದ ಬದಿ ನಿಲ್ಲಿಸುವವರು ಇಲಿ ಕಡಿದದ್ದೂ ನೋಡಿಕೊಳ್ಳಿ.) ಉಜ್ಜಿ ಹಾಕಿದೆ, ಲೈಟ್ ಹೋಯ್ತು. ಹಳೇ ಸೆನ್ಸರ್ ಕೇಳಿ ತಂದು ಹಾಕಿದೆ, ಅದೂ ಸರಿಯೇ ಇತ್ತು! ಬೋಲ್ಟ್ ಮಾತ್ರ ಮೈಬಲದಲ್ಲಿ ಬಿಗಿಯಬೇಡಿ, ಕಂಪನಿಯ ಲೆಕ್ಕ ಇದೆ, ಸಾಮಾನ್ಯ 20 ನ್ಯೂಟನ್ ಮೀಟರ್ ಆಸುಪಾಸು.

ವಯರು ಪರೀಕ್ಷಿಸದೆ ಬಿಲ್ ಕೊಟ್ಟರೆ ದುಡ್ಡು ಕೊಡಬೇಡಿ. ಹೊಸತು ಈಗ ನನ್ನ ಡಬ್ಬಿಯಲ್ಲಿ ಬಿದ್ದಿದೆ, ಬೇಕಾದವರು ಬನ್ನಿ.