ನಿರ್ಲಜ್ಜೇಶ್ವರನ ಶರಣೆ ಮತ್ತು ಕಾಯಕದ ಪ್ರಶ್ನೆ



ಒಂದೇ ಒಂದು ವಚನದ ಮೂಲಕ ಇಂದಿಗೂ ಉಳಿದುಬಂದಿರುವ ಶಿವಶರಣೆಯರಲ್ಲಿ ಸೂಳೆ ಸಂಕವ್ವೆಯೂ ಒಬ್ಬಳು. ಆಕೆಯ ಅಂಕಿತ ನಿರ್ಲಜ್ಜೇಶ್ವರ. ಲೈಂಗಿಕ ವೃತ್ತಿಯನ್ನು ಒಂದು ಕೆಲಸವೆಂದು ಪರಿಗಣಿಸಬೇಕೆ ಬೇಡವೆ ಎಂಬ ಇಂದಿನ ಚರ್ಚೆಯಲ್ಲಿ ಈ ಶರಣೆಯ ಹೆಸರನ್ನು ಎಳೆದು ತರುವುದುಂಟು. ಬಸವಣ್ಣನವರ ಕಲ್ಯಾಣವು ಸೂಳೆಯ ವೃತ್ತಿಯನ್ನೂ ಕಾಯಕವೆಂದು ಮನ್ನಿಸಿತು, ಹೀಗಿರುವಾಗ ಬಸವಭಕ್ತರಿಗೆ ಅಡ್ಡಿಯೇನು ಎಂಬುದು ಒಂದು ಪಕ್ಷದ ವಾದ. ಇಂಥ ಮಾತನ್ನು ಮಠದ ಆವರಣದಲ್ಲಿ ಆಡುವುದೇ ಪಾಪ ಎಂಬುದು ಇನ್ನೊಂದು ಪಕ್ಷದ ಉತ್ತರ. ಮೊದಲನೆಯವರು ಸಂಕವ್ವೆಯ ಹೆಸರನ್ನು ಓದಿದ್ದಾರೆ, ವಚನವನ್ನು ಓದಿಲ್ಲ. ಎರಡನೆಯವರು ಹೆಸರನ್ನೂ ಓದಲು ಹೇಸುತ್ತಾರೆ.

ಮೊದಲ ಪಕ್ಷದ ವಾದವು ಪದನಿಷ್ಪತ್ತಿಯಿಂದ ಆರಂಭವಾಗುತ್ತದೆ. ಕಾಯದಿಂದ ಮಾಡುವುದು ಕಾಯಕ. ಕಾಯವನ್ನೇ ದುಡಿಸುವ ವೃತ್ತಿಗಿಂತ ಕಾಯಕವೆನಿಸಲು ಅರ್ಹವಾದುದು ಮತ್ತಾವುದು ಎಂದು ಕೇಳಲಾಗುತ್ತದೆ. ಇದು ಜಾಣತನವೇ ಹೊರತು ತಿಳಿವಲ್ಲ. ಮೇದಾರ ಕೇತಯ್ಯನವರ ಬುಟ್ಟಿ ಸಂತೆಯಲ್ಲಿ ಬಿಕರಿಯಾಯಿತು, ಬುಟ್ಟಿ ಹೆಣೆದ ಕೈ ಬಿಕರಿಯಾಗಲಿಲ್ಲ. ನುಲಿಯ ಚಂದಯ್ಯನವರು ಹೊಸೆದ ಹಗ್ಗಕ್ಕೆ ಬೆಲೆಯಿತ್ತು, ಚಂದಯ್ಯನವರಿಗೆ ಬೆಲೆ ಕಟ್ಟುವವರಿರಲಿಲ್ಲ. ದೇಹವನ್ನೇ ದೇಗುಲವೆಂದು ಬಗೆದ ಶರಣರು ಆ ದೇಗುಲವನ್ನು ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವುದನ್ನು ಕಾಯಕವೆಂದು ಕರೆದರೆನ್ನಲು ವಚನಗಳಲ್ಲಿ ಆಧಾರವಿಲ್ಲ.

ಹೆಸರಿನ ವಾದವೂ ಹೀಗೆಯೇ ಕುಸಿಯುತ್ತದೆ. ಶರಣರ ಗಣದಲ್ಲಿ ಹೆಂಡದ ಮಾರಯ್ಯ ಇದ್ದಾರೆ, ಕನ್ನದ ಮಾರಿತಂದೆ ಇದ್ದಾರೆ. ಮಾರಿತಂದೆಯವರು ಹಿಂದೆ ಕನ್ನ ಹಾಕುತ್ತಿದ್ದವರೆಂದು ಪರಂಪರೆ ಹೇಳುತ್ತದೆ. ಆ ಕಾರಣಕ್ಕೆ ಕನ್ನಗಳ್ಳತನವೂ ಒಂದು ಕಾಯಕವೆಂದು ಯಾರೂ ವಾದಿಸಿದ್ದಿಲ್ಲ. ಕಲ್ಯಾಣದಲ್ಲಿ ಹಳೆಯ ವೃತ್ತಿಯ ಹೆಸರು ಹಾಗೆಯೇ ಉಳಿದುದಕ್ಕೆ ಕಾರಣ ಬೇರೆ. ಅಲ್ಲಿಗೆ ಬಂದವರು ತಮ್ಮ ನಿನ್ನೆಯನ್ನು ಬಚ್ಚಿಡಬೇಕಾಗಿರಲಿಲ್ಲ. ಸಂಕವ್ವೆ ತನ್ನ ಇಷ್ಟದೈವವನ್ನು ಲಜ್ಜೆಯಿಲ್ಲದ ಈಶ್ವರನೆಂದು ಕರೆದಳಲ್ಲ, ಜಗತ್ತು ತನ್ನ ಮೇಲೆ ಹೊರಿಸಿದ ನಾಚಿಕೆಯನ್ನು ದೇವರ ಹೆಸರಿನಲ್ಲಿಯೇ ಕಳಚಿಟ್ಟ ಆ ಧೈರ್ಯಕ್ಕೆ ಸರಿಸಾಟಿಯಾದ ಅಂಕಿತಗಳು ವಚನ ಸಾಹಿತ್ಯದಲ್ಲಿ ಹೆಚ್ಚಿಲ್ಲ.

ಈಗ ಆ ಏಕೈಕ ವಚನದತ್ತ ಬರಬೇಕು. ಒಬ್ಬನಿಂದ ಒತ್ತೆಯ ಹಣ ಪಡೆದ ಮೇಲೆ ಇನ್ನೊಬ್ಬನ ಒತ್ತೆಗೆ ಕೈಯೊಡ್ಡಬಾರದೆಂಬುದು ಆ ಕಾಲದ ವೃತ್ತಿಯ ಕಟ್ಟಳೆ. ಅದನ್ನು ಮುಂದಿಟ್ಟುಕೊಂಡು ಸಂಕವ್ವೆ ತನ್ನ ಭಕ್ತಿಯ ನಿಷ್ಠೆಯನ್ನು ಹೇಳುತ್ತಾಳೆ. ಇದರ ಹರಿತ ಅರ್ಥವಾಗಬೇಕಾದರೆ ಒಂದು ಕಹಿಸತ್ಯವನ್ನು ನೆನೆಯಬೇಕಾಗುತ್ತದೆ. ವಚನಗಳಲ್ಲಿ ಸೂಳೆ ಎಂಬ ಮಾತು ಅನೇಕ ಕಡೆ ನಿಷ್ಠೆಯಿಲ್ಲದ ಭಕ್ತಿಗೆ ಉಪಮಾನವಾಗಿ ಬಂದಿದೆ. ಹಲವು ದೈವಗಳಿಗೆ ಎರಗುವವನನ್ನು, ಯಾರನ್ನು ತಂದೆಯೆನ್ನಬೇಕೆಂದು ತಿಳಿಯದ ಸೂಳೆಯ ಮಗುವಿಗೆ ಸ್ವತಃ ಬಸವಣ್ಣನವರೇ ಹೋಲಿಸಿದ್ದಾರೆ. ಆ ಉಪಮಾನ ಕೇಳುವ ಸಭೆಯಲ್ಲಿ ಸಂಕವ್ವೆಯೂ ಇದ್ದಿರಬಹುದೆಂದು ಕಲ್ಪಿಸಿಕೊಂಡರೆ ಆಕೆಯ ವಚನ ಒಂದು ಉತ್ತರದಂತೆ ಕೇಳಿಸುತ್ತದೆ. ತನ್ನ ಬೀದಿಗೂ ಒಂದು ನಿಷ್ಠೆಯಿದೆ, ಕೊಟ್ಟ ಮಾತಿಗೆ ಅಲ್ಲಿಯೂ ಬೆಲೆಯಿದೆ ಎಂದು ಆಕೆ ಹೇಳಿದಂತಾಗುತ್ತದೆ. ನಿಂದೆಯ ಉಪಮಾನವನ್ನು ಆಕೆ ಬುಡಮೇಲು ಮಾಡಿದ್ದಾಳೆ.

ಆದರೆ ವಚನ ಅಲ್ಲಿಗೆ ನಿಲ್ಲುವುದಿಲ್ಲ. ಕಟ್ಟಳೆ ಮುರಿದರೆ ಆಗುವ ಶಿಕ್ಷೆಯನ್ನೂ ಆಕೆ ಎಣಿಸುತ್ತಾಳೆ: ವಿವಸ್ತ್ರಳಾಗಿ ನಿಲ್ಲಿಸುವ ಅವಮಾನ, ಸಾವು, ಅಂಗಚ್ಛೇದ. ಚಂದಯ್ಯನವರ ಹಗ್ಗದ ಮಾತಿನಲ್ಲಿ, ಕೇತಯ್ಯನವರ ಬಿದಿರಿನ ಮಾತಿನಲ್ಲಿ ಇಂಥ ಭಯವಿಲ್ಲ. ಹಗ್ಗ ಸಡಿಲವಾದರೆ ಕೊಂಡವನು ಮರುದಿನ ಬಂದು ಜಗಳವಾಡಿಯಾನು, ಮೂಗು ಕೊಯ್ಯಲಾರ. ಸಂಕವ್ವೆಯ ಪಟ್ಟಿಯಲ್ಲಿರುವ ಶಿಕ್ಷೆಗಳೆಲ್ಲವೂ ಮಾರುವವಳ ಮೈಮೇಲೆಯೇ ಬೀಳುತ್ತವೆ, ಕೊಳ್ಳುವವನಿಗೆ ಅಲ್ಲಿ ಒಂದು ಗೀರೂ ಇಲ್ಲ. ಆ ವೃತ್ತಿಯನ್ನು ಕಾಯಕವೆಂದು ಸಾಧಿಸಲು ಯಾವ ವಚನವನ್ನು ಸಾಕ್ಷಿಗೆ ಕರೆಯಲಾಗುತ್ತದೆಯೋ ಅದೇ ವಚನ ಆ ವೃತ್ತಿಯ ವಿರುದ್ಧ ಸಾಕ್ಷಿ ನುಡಿಯುತ್ತದೆ.

ಇಷ್ಟೆಲ್ಲವನ್ನು ಹೇಳಿ ಸಂಕವ್ವೆ ಕೊನೆಗೆ ಹಿಡಿಯುವುದು ‘ಒಲ್ಲೆ’ ಎಂಬ ಮಾತನ್ನು. ಕಾಯಕದ ಕಥೆಗಳನ್ನೆಲ್ಲ ಒಮ್ಮೆ ನೆನೆದರೆ ಈ ಮಾತು ಎಲ್ಲೆಡೆಯೂ ಸಿಗುತ್ತದೆ. ಗಂಡ ಮಾರಯ್ಯನವರು ಬಸವಣ್ಣನವರ ಅಂಗಳದಿಂದ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮನವರು ಹೆಚ್ಚಿನದನ್ನು ಒಲ್ಲೆನೆಂದು ಹಿಂದಕ್ಕೆ ಕಳಿಸಿದರು. ಅಂಗಳ ಗುಡಿಸುವ ಸತ್ಯಕ್ಕನವರು ದಾರಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಮುಟ್ಟಲು ಒಲ್ಲೆನೆಂದರು. ಮಡಿವಾಳ ಮಾಚಯ್ಯನವರು ಭಕ್ತರಲ್ಲದವರ ಬಟ್ಟೆಯನ್ನು ಒಗೆಯಲು ಒಲ್ಲೆನೆಂದರು. ಒಲ್ಲೆನೆನ್ನುವ ಸ್ವಾತಂತ್ರ್ಯ ಯಾರಿಗಿದೆಯೋ ಅವರ ದುಡಿಮೆ ಕಾಯಕವಾಗುವ ದಾರಿಯಲ್ಲಿದೆ. ಆ ಸ್ವಾತಂತ್ರ್ಯವಿಲ್ಲದವರದು ಬರಿಯ ದುಡಿಮೆ, ಕೆಲವೊಮ್ಮೆ ಬರಿಯ ಜೀತ.

ಕರ್ನಾಟಕದಲ್ಲಿ ಈ ಮಾತು ಪುಸ್ತಕದ ಮಾತಲ್ಲ. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ, ಹುಲಿಗೆಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳಲ್ಲಿ ಬಹುಪಾಲು ದಲಿತ ಕೇರಿಗಳವರು. ಮುತ್ತು ಕಟ್ಟುವಾಗ ಎಷ್ಟೋ ಮಕ್ಕಳು ಋತುಮತಿಯರೂ ಆಗಿರಲಿಲ್ಲ. ಅಲ್ಲಿಂದ ಸಾಂಗ್ಲಿ, ಪುಣೆ, ಮುಂಬಯಿಯ ಕಾಮಾಟಿಪುರಕ್ಕೆ ಹೋದ ದಾರಿ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಅಪರಿಚಿತವಲ್ಲ. ಬಳ್ಳಾರಿ, ಕೊಪ್ಪಳದ ಕಡೆ ಇದನ್ನೇ ಬಸವಿ ಬಿಡುವುದು ಎನ್ನುತ್ತಾರೆ. ಬಸವ ಎಂಬ ಹೆಸರಿನ ಸ್ತ್ರೀರೂಪವನ್ನು ಇಂಥ ಪದ್ಧತಿಗೆ ಇಟ್ಟದ್ದನ್ನು ಕಂಡೂ ಕಾಣದಂತೆ ಬಸವ ಜಯಂತಿಗಳು ನಡೆದಿಲ್ಲವೆ? ರಾಜ್ಯವು 1982ರಲ್ಲಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಮಾಡಿತು. ಆ ಬಳಿಕ 1993-94 ಮತ್ತು 2007-08ರಲ್ಲಿ ನಡೆದ ಎರಡು ಸಮೀಕ್ಷೆಗಳಲ್ಲಿ ಗುರುತಿಸಲಾದ ದೇವದಾಸಿಯರ ಒಟ್ಟು ಸಂಖ್ಯೆ 46 ಸಾವಿರವನ್ನು ಮೀರಿತು. ಇವರಲ್ಲಿ ಯಾರಿಗೆ ಒಲ್ಲೆನೆನ್ನುವ ಅವಕಾಶವಿತ್ತು? ಹುಟ್ಟಿನಿಂದ ವೃತ್ತಿಯನ್ನು ಕಟ್ಟಿಹಾಕುವ ಪದ್ಧತಿಯ ವಿರುದ್ಧವೇ ಹುಟ್ಟಿದ ಕಾಯಕ ತತ್ತ್ವವನ್ನು ತಂದು, ಹುಟ್ಟಿನಿಂದ ಹೇರಿದ ಈ ವೃತ್ತಿಗೆ ಮುದ್ರೆಯಾಗಿ ಒತ್ತುವುದು ಶರಣರಿಗೆ ಮಾಡುವ ಅಪಚಾರವಲ್ಲದೆ ಬೇರೇನಲ್ಲ.

ಇಲ್ಲಿಯವರೆಗೆ ಓದಿದ ಎರಡನೆಯ ಪಕ್ಷದವರು ಸಂತೋಷಪಡುವ ಅಗತ್ಯವಿಲ್ಲ. ಕಾಯಕವಲ್ಲ ಎಂದ ಮಾತ್ರಕ್ಕೆ ಅದು ದುಡಿಮೆಯೂ ಅಲ್ಲ ಎಂದಾಗುವುದಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು, ಪೊಲೀಸರಿಗೂ ರೌಡಿಗಳಿಗೂ ದಲ್ಲಾಳಿಗೂ ಪಾಲು ಕೊಟ್ಟು, ಉಳಿದ ಹಣದಲ್ಲಿ ಮಕ್ಕಳ ಶಾಲೆಯ ಶುಲ್ಕ ಕಟ್ಟುವ ತಾಯಿ ದುಡಿಯುತ್ತಿಲ್ಲ ಎನ್ನುವವರಿಗೆ ದುಡಿಮೆಯ ಅರ್ಥ ಗೊತ್ತಿಲ್ಲ. ಸರಕಾರದ ಕಡತಗಳು ಈಕೆಯನ್ನು ‘ದಮನಿತ ಮಹಿಳೆ’ ಎನ್ನುತ್ತವೆ. ಆ ಹೆಸರಿನಲ್ಲಿ ಕರುಣೆಯಿದೆ, ದಮನಿಸಿದವನು ಯಾರೆಂಬ ಸುಳಿವಿಲ್ಲ.

ಕಾನೂನಿನ ಸ್ಥಿತಿಯನ್ನು ನೋಡಬೇಕು. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ ಪ್ರಕಾರ ವಯಸ್ಕ ಹೆಣ್ಣು ತನ್ನಿಚ್ಛೆಯಿಂದ ಈ ವೃತ್ತಿಯಲ್ಲಿರುವುದೇ ಅಪರಾಧವಲ್ಲ. ವೇಶ್ಯಾಗೃಹ ನಡೆಸುವುದು, ಬೀದಿಯಲ್ಲಿ ಗಿರಾಕಿಯನ್ನು ಕರೆಯುವುದು ಅಪರಾಧ. ಅದೇ ಕಾಯ್ದೆಯ 4ನೆಯ ಕಲಮು ಆಕೆಯ ಗಳಿಕೆಯಿಂದ ಜೀವಿಸುವ, ಹದಿನೆಂಟು ದಾಟಿದ ಯಾರನ್ನೇ ಆಗಲಿ ಶಿಕ್ಷೆಗೆ ಒಳಪಡಿಸುತ್ತದೆ. ದಲ್ಲಾಳಿಗಾಗಿ ಹೆಣೆದ ಈ ಬಲೆಯಲ್ಲಿ ಮುದಿತಾಯಿಯೂ ಕಾಲೇಜು ಓದುವ ಮಗನೂ ಸಿಕ್ಕಿಕೊಳ್ಳುತ್ತಾರೆ. ವಚನ ಬಲ್ಲವರು ಇದನ್ನು ಎರಡು ಬಾರಿ ಓದಬೇಕು. ಶರಣರಲ್ಲಿ ಕಾಯಕಕ್ಕೆ ದಾಸೋಹವು ಜೊತೆ. ಗಳಿಸಿದ್ದನ್ನು ಹಂಚಿ ಉಣ್ಣದ ಹೊರತು ಗಳಿಕೆಗೆ ಶುದ್ಧಿಯಿಲ್ಲ. ಇಲ್ಲಿ ತಾಯಿಗೆ ಅನ್ನವಿಕ್ಕಿದರೆ ಉಂಡ ತಾಯಿಯೇ ಆರೋಪಿಯಾಗಬಹುದು. ದುಡಿಮೆಯನ್ನು ನಾಲ್ಕು ಜನ ಕಸಿದುಕೊಳ್ಳಲು ಬಿಟ್ಟು, ಹಂಚಿ ಉಣ್ಣುವುದನ್ನು ಮಾತ್ರ ಅಪರಾಧವಾಗಿಸಿದ ಕಾನೂನಿನ ಎದುರು ಭಕ್ತರು ಮೌನವಾಗಿದ್ದಾರೆ.

ಸುಪ್ರೀಂ ಕೋರ್ಟು ಮೌನವಾಗಿರಲಿಲ್ಲ. 1999ರಲ್ಲಿ ಕೋಲ್ಕತ್ತದಲ್ಲಿ ಈ ವೃತ್ತಿಯ ಹೆಣ್ಣೊಬ್ಬಳ ಕೊಲೆಯಾಗಿತ್ತು. ಕೊಲೆಗಾರನ ಮೇಲ್ಮನವಿಯನ್ನು 2011ರಲ್ಲಿ ವಜಾ ಮಾಡಿದ ನ್ಯಾಯಪೀಠವು ಅದೇ ಪ್ರಕರಣವನ್ನು ಇಂಥ ಎಲ್ಲ ಹೆಣ್ಣುಮಕ್ಕಳ ಬದುಕಿನ ಪ್ರಶ್ನೆಯಾಗಿ ಮುಂದುವರಿಸಿತು. ಕೊರೋನಾ ಕಾಲದಲ್ಲಿ, 2020ರ ಸೆಪ್ಟೆಂಬರಿನಲ್ಲಿ, ಗುರುತಿನ ಪುರಾವೆಗೆ ಒತ್ತಾಯಿಸದೆ ಇವರಿಗೆ ಪಡಿತರ ಕೊಡಬೇಕೆಂದು ಆದೇಶಿಸಿತು. 2022ರ ಮೇ 19ರ ಆದೇಶದಲ್ಲಿ, ಸಂವಿಧಾನದ 21ನೆಯ ವಿಧಿಯ ಗೌರವದ ಬದುಕು ಇವರಿಗೂ ಸಲ್ಲತಕ್ಕದ್ದು, ವೃತ್ತಿಯ ಕಾರಣಕ್ಕೆ ಮಗುವನ್ನು ತಾಯಿಯಿಂದ ಅಗಲಿಸಬಾರದು ಎಂದು ಸಾರಿತು. ಅನ್ನ ದಾಸೋಹಕ್ಕೆ ಹೆಸರಾದ ನಾಡಿನಲ್ಲಿ ಹಸಿದವರಿಗೆ ಗುರುತು ಕೇಳದೆ ಉಣಬಡಿಸಿರೆಂದು ದೆಹಲಿಯ ನ್ಯಾಯಾಲಯ ಹೇಳಬೇಕಾಯಿತೆಂಬುದನ್ನು ಮರೆಯಲಾಗದು.

ದುಡಿಮೆಯೆಂದು ಒಪ್ಪಿದರೆ ವೃತ್ತಿಗೆ ಪ್ರೋತ್ಸಾಹ ಕೊಟ್ಟಂತಾಗದೆ ಎಂದು ಕೇಳುವವರಿದ್ದಾರೆ. ಈ ಸಂಶಯಕ್ಕೆ ಕೋಲ್ಕತ್ತದ ಸೋನಾಗಾಚಿಯಲ್ಲಿ ಉತ್ತರವಿದೆ. ಅಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಅವರ ಮುಂದಾಳತ್ವದಲ್ಲಿ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 1995ರಲ್ಲಿ ಅಲ್ಲಿನ ಮಹಿಳೆಯರು ದುರ್ಬಾರ್ ಎಂಬ ತಮ್ಮದೇ ಸಂಘಟನೆಯನ್ನೂ ಉಷಾ ಎಂಬ ಸಹಕಾರಿ ಸಂಘವನ್ನೂ ಕಟ್ಟಿಕೊಂಡರು. ಒಂಟಿಯಾಗಿದ್ದಾಗ ಕಾಂಡೋಮ್ ಬೇಡವೆಂಬ ಗಿರಾಕಿಯನ್ನು ತಿರುಗಿಸಿ ಕಳಿಸಲಾಗದವರು ಒಟ್ಟಾದಾಗ ಕಳಿಸಬಲ್ಲವರಾದರು. ಬಡ್ಡಿಯವನ ಸಾಲವನ್ನು ತಳ್ಳಿ ತಮ್ಮ ಸಂಘದಲ್ಲಿ ಉಳಿತಾಯ ಮಾಡಬಲ್ಲವರಾದರು. ಮೈಸೂರಿನಲ್ಲಿ 2004ರಿಂದ ಆಶೋದಯ ಸಮಿತಿಯ ಮಹಿಳೆಯರು ಮಾಡುತ್ತಿರುವುದೂ ಈ ಜಾತಿಯ ಕೆಲಸವೇ. ತಾವು ದುಡಿಯುವವರೆಂಬ ಮಾನ್ಯತೆಯಿಂದ ಅವರಿಗೆ ಮೊದಲು ದಕ್ಕಿದ್ದು ಒಲ್ಲೆನೆನ್ನುವ ಶಕ್ತಿ. ಗಿರಾಕಿಗೆ, ಪೊಲೀಸಿಗೆ, ಬಡ್ಡಿಯವನಿಗೆ ಒಲ್ಲೆನೆಂದ ಹೆಣ್ಣು ಮುಂದೊಂದು ದಿನ ವೃತ್ತಿಗೇ ಒಲ್ಲೆನೆನ್ನಬಲ್ಲಳು. ಪಾಪಿಯೆಂದು ಬೀದಿಯ ಆಚೆಗೆ ತಳ್ಳಿದವಳಿಗೆ ಹೊರಬರುವ ಬಾಗಿಲನ್ನು ತೋರಿಸುವವರು ಯಾರು? ತಳ್ಳಿದವರೇ ಬಾಗಿಲು ಹಾಕಿಕೊಂಡಿದ್ದಾರೆ.

ಇನ್ನು ‘ಅಶುದ್ಧ ಗಳಿಕೆ’ ಎಂಬ ಮಾತು. ಅದನ್ನು ಆಡುವವರು ಸತ್ಯಕ್ಕನ ಪೊರಕೆಯನ್ನು ಮೊದಲು ತಮ್ಮ ಅಂಗಳದಲ್ಲಿ ಆಡಿಸಬೇಕು. ಲಂಚದ ಹಣದಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಜಂಗಮರನ್ನು ಕರೆಯುವವರಿದ್ದಾರೆ. ಮೀಟರ್ ಬಡ್ಡಿಯಲ್ಲಿ ರೈತನ ಹೊಲ ಬರೆಸಿಕೊಂಡು ಜಾತ್ರೆಗೆ ಅಕ್ಕಿಮೂಟೆ ಕಳಿಸುವವರಿದ್ದಾರೆ. ಅವರ ಹೆಸರು ಶಿಲಾಫಲಕದ ಮೇಲೆ ಕೆತ್ತಲ್ಪಡುತ್ತದೆ, ಗಳಿಕೆಯ ಮೂಲವನ್ನು ಕೇಳುವ ಪದ್ಧತಿ ಇಲ್ಲ. ಗಿರಾಕಿಯಾಗಿ ಹೋದವನೂ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾನೆ, ಅವನ ಹಣೆಯ ವಿಭೂತಿಗೆ ಯಾವ ಕಲೆಯೂ ಅಂಟುವುದಿಲ್ಲ. ಹನ್ನೆರಡನೆಯ ಶತಮಾನದ ಶಿಕ್ಷೆಯ ಪಟ್ಟಿಯಲ್ಲಿ ಕಾಣದವನು ಇಪ್ಪತ್ತೊಂದನೆಯ ಶತಮಾನದ ಮಡಿಯ ಪಟ್ಟಿಯಲ್ಲಿಯೂ ಕಾಣುವುದಿಲ್ಲ.

ಮಠಗಳಿಂದ ಆಗಬೇಕಾದ ಕೆಲಸ ದೊಡ್ಡದೇನಲ್ಲ. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳು (1907-2019) ಜಾತಿ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ಮಾದರಿ ಎಲ್ಲರ ಕಣ್ಣೆದುರಿಗಿದೆ. ಆದರೂ ಶಾಲೆ-ವಿದ್ಯಾರ್ಥಿನಿಲಯಗಳ ಪ್ರವೇಶ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಅಂಕಣ ಇಂದಿಗೂ ಎಷ್ಟೋ ತಾಯಂದಿರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತದೆ. 2025ರಲ್ಲಿ ರಾಜ್ಯದ ಶಾಸನಸಭೆ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆಯು ಈ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರನ್ನು ಬರೆಯುವುದು ಕಡ್ಡಾಯವಲ್ಲವೆಂದಿತು. ಸರಕಾರ ಹೇಳುವವರೆಗೆ ಬಸವಪೀಠಗಳು ಕಾಯಬೇಕಾಗಿರಲಿಲ್ಲ. ಯಾರನ್ನು ತಂದೆಯೆನ್ನಲಿ ಎಂದು ತಿಳಿಯದ ಮಗುವಿನ ಉಪಮಾನ ಕೊಟ್ಟ ಬಸವಣ್ಣನವರೇ ಮಾದಾರ ಚೆನ್ನಯ್ಯನವರನ್ನೂ ಡೋಹರ ಕಕ್ಕಯ್ಯನವರನ್ನೂ ತಮ್ಮ ಹಿರಿಯರೆಂದು ಹೇಳಿಕೊಂಡವರು. ಎದುರಿಗೆ ನಿಂತವನನ್ನು ಯಾರವನೆಂದು ಕೇಳದೆ ಮನೆಯ ಮಗನೆನ್ನುವಂತೆ ಮಾಡೆಂದು ದೇವರನ್ನು ಬೇಡಿಕೊಂಡವರು. ಬರುವ ಜೂನ್ ತಿಂಗಳ ಪ್ರವೇಶ ಅರ್ಜಿಗಳು ಇನ್ನೂ ಅಚ್ಚಾಗಿಲ್ಲದಿದ್ದರೆ ಆ ಒಂದು ಅಂಕಣವನ್ನು ‘ತಾಯಿಯ ಹೆಸರು’ ಎಂದು ತಿದ್ದಲು ಸಮಯವಿದೆ. ಅಚ್ಚಾಗಿದ್ದರೆ ಪೆನ್ನಿನಿಂದ ತಿದ್ದಬಹುದು.